ಬೋರ್‌ವೆಲ್‌ಗೆ ಮುನ್ನ ಯಾರನ್ನು ಕೇಳೋಣ?

ಮಾನ್ಯ ಸಂಪಾದಕರೇ,

ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿದ 2024ರ ಬೇಸಿಗೆಯಲ್ಲಿ ನಮ್ಮ ಬಡಾವಣೆಯವರು ಚಂದಾ ಎತ್ತಿ ಬೋರ್‌ವೆಲ್ ಕೊರೆಸಿದೆವು. ಜಾಗ ತೋರಿಸಿದ್ದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡಿದ ಒಬ್ಬರು. ಕಾಯಿ ಎದ್ದು ನಿಂತಲ್ಲಿ 1,200 ಅಡಿ ಇಳಿಸಿದರೂ ಬಂದದ್ದು ಬರೀ ದೂಳು. ಅವರನ್ನು ನಾನು ಬೈಯುವುದಿಲ್ಲ. ಕರೆದಾಗ ಮನೆ ಬಾಗಿಲಿಗೆ ಬಂದವರು ಅವರೊಬ್ಬರೇ.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೀರಿಗೆಂದೇ ಒಂದು ಸಂಶೋಧನಾ ಕೇಂದ್ರ ಇದೆಯೆಂದು ನನಗೆ ಗೊತ್ತಾದದ್ದು ಆಮೇಲೆ, ಮೊಮ್ಮಗಳನ್ನು ಅಲ್ಲಿನ ಓಪನ್ ಡೇಗೆ ಕರೆದೊಯ್ದಾಗ. ಅಲ್ಲಿ ಒಬ್ಬ ಹುಡುಗಿ ಅಚ್ಚ ಕನ್ನಡದಲ್ಲಿ ವಿವರಿಸಿದಳು: ಬೆಂಗಳೂರಿನ ಕೆಳಗಿರುವುದು ಗಟ್ಟಿ ಬಂಡೆ, ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ, ಆಳಕ್ಕಿಳಿದಂತೆ ಸಾಮಾನ್ಯವಾಗಿ ಬಿರುಕುಗಳೂ ಕಡಿಮೆ. ಈ ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ ಕೊನೆಯ 500 ಅಡಿಯ ದುಡ್ಡಾದರೂ ಉಳಿಯುತ್ತಿತ್ತು.

ಆ ಕ್ಯಾಂಪಸ್ಸಿನ ವಿದ್ಯೆ ಹೊರಗೆ ಬಂದೇ ಇಲ್ಲ ಎಂದರೆ ತಪ್ಪಾದೀತು. ಮಳೆ, ಪ್ರವಾಹದ ಮುನ್ಸೂಚನೆ ಕೊಡುವ 'ಮೇಘ ಸಂದೇಶ' ಆ್ಯಪ್ 2020ರಲ್ಲಿ ಬಂತು. ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ ಜೊತೆ ಅದಕ್ಕೆ ದುಡಿದವರು ಈ ಸಂಸ್ಥೆಯವರೇ. ಅದೇ ಆವರಣದಲ್ಲಿರುವ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಎ.ಆರ್. ಶಿವಕುಮಾರ್ ತಮ್ಮ ಮನೆಯನ್ನೇ ಮಳೆನೀರಿನ ಮೇಲೆ ನಡೆಸಿ ತೋರಿಸಿದರು. ನಾನು ಗಣಿತದ ಮೇಷ್ಟ್ರು, ಲೆಕ್ಕ ಹಾಕದೆ ನಂಬುವವನಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 30x40 ಸೈಟಿನ ಮೇಲೆ ಬೀಳುವುದು ಲಕ್ಷ ಲೀಟರಿಗೂ ಹೆಚ್ಚು. ಹೊಸ ಮನೆಗೆ ಮಳೆಕೊಯ್ಲು ಕಡ್ಡಾಯ ಎಂಬ ಕಾನೂನು 2009ರಿಂದ ಇದೆ. ನಮ್ಮ ರಸ್ತೆಯಲ್ಲಿ ಮಳೆನೀರಿನ ಪೈಪು ನೇರ ಚರಂಡಿಗೆ ಬಾಯಿಟ್ಟಿರುವ ಮನೆಗಳನ್ನು ಬೆರಳಿಟ್ಟು ತೋರಿಸಬಲ್ಲೆ.

ಸಂಶೋಧನೆಗೆ ಕೊಡುವ ಅನುದಾನದಲ್ಲಿ ಜನರಿಗೆ ತಿಳಿಸುವ ಕೆಲಸಕ್ಕೂ ಒಂದು ಪಾಲು, ಅದಕ್ಕೆಂದೇ ನಾಲ್ಕು ಜನ ಇರಲಿ ಎಂಬುದು ನನ್ನ ಬೇಡಿಕೆ. ಪ್ರಬಂಧ ಬರೆದವರೇ ಬಿಡುವಾದಾಗ ಬಂದು ಭಾಷಣ ಮಾಡಿ ಹೋದರೆ ಸಾಲದು. ಶನಿವಾರ ಒಂದು ವಾರ್ಡ್ ಕಚೇರಿಯಲ್ಲಿ ಮೇಜು ಹಾಕಿ ಕೂರಲಿ. ಆ ವಾರ್ಡಿನ ಅಂತರ್ಜಲ ಎಷ್ಟು ಇಳಿದಿದೆ, ಎಲ್ಲಿ ಇಂಗುಗುಂಡಿ ತೋಡಿದರೆ ಫಲ ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಷ್ಟು ಬರೆದು ಕೊಡಲಿ. ವರ್ಷಕ್ಕೊಂದು ದಿನ ಗೇಟು ತೆರೆದರೆ ಬರುವವರು ಮಕ್ಕಳು. ಬೋರ್ ಕೊರೆಸುವವರು ಬರುವುದಿಲ್ಲ.

ಮುಂದಿನ ತಿಂಗಳು ನಮ್ಮ ಸಂಘದ ಸಭೆ. ಎರಡನೇ ಬೋರ್‌ವೆಲ್ ಚರ್ಚೆಗೆ ಬರಲಿದೆ. ತೆಂಗಿನಕಾಯಿಯವರ ಫೋನ್ ನಂಬರ್ ಈಗಲೂ ಕಾರ್ಯದರ್ಶಿಯ ಹತ್ತಿರ ಇದೆ.

– ನಿವೃತ್ತ ಹೈಸ್ಕೂಲ್ ಶಿಕ್ಷಕ, ವಿದ್ಯಾರಣ್ಯಪುರ, ಬೆಂಗಳೂರು