ರಾಣಿ ಇಲ್ಲದ ಪೆಟ್ಟಿಗೆಯನ್ನು ಎಸೆಯಬೇಡಿ

ಮಾನ್ಯ ಸಂಪಾದಕರೇ,

ತೊಗರಿ ಹೊಲದ ಬಾಂದಿನ ಮೇಲೆ ಜೇನು ಪೆಟ್ಟಿಗೆ ಇಡಿ ಎಂದು ಈಗ ಎಲ್ಲರೂ ಹೇಳುತ್ತಾರೆ. ನಾನೂ ಇಟ್ಟೆ. ಯುರೋಪಿನ ತಳಿಯಾದ ಮೆಲ್ಲಿಫೆರಾ ಜೇನಿನ ಎರಡು ಪೆಟ್ಟಿಗೆ. ತರಬೇತಿಯಲ್ಲಿ ತುಪ್ಪ ಎಷ್ಟು ಕೆಜಿ ಬರುತ್ತದೆ, ಎಷ್ಟಕ್ಕೆ ಮಾರಬಹುದು ಎಂದು ಅರ್ಧ ದಿನ ಹೇಳಿದರು. ರಾಣಿ ಸತ್ತರೆ ಏನು ಮಾಡಬೇಕು ಅಂತ ಒಂದು ಮಾತೂ ಇಲ್ಲ.

ದಸರಾ ಹೊತ್ತಿಗೆ ಒಂದು ಪೆಟ್ಟಿಗೆ ಸೊರಗಿತು. ಎರಿ ಕಟ್ಟುವ ಹತ್ತು ಚೌಕಟ್ಟಿನಲ್ಲಿ (ಫ್ರೇಮ್) ಮೂರಕ್ಕೆ ಮಾತ್ರ ಹುಳ. ತತ್ತಿ ಇಲ್ಲ, ಎಳೆ ಮರಿ ಇಲ್ಲ. ಅಂದರೆ ತತ್ತಿ ಇಡುವ ರಾಣಿಯೇ ಇಲ್ಲ. ಪೆಟ್ಟಿಗೆ ಮಾರಿದವರಿಗೆ ಫೋನ್ ಮಾಡಿದೆ. "ಅದು ಮುಗೀತು ಅಕ್ಕಾ, ಜಾಡಿಸಿ ಎಸೀರಿ, ಹೊಸದು ತಗೋರಿ" ಎಂದರು. ಮಾರುವವರು ಇನ್ನೇನು ಹೇಳುತ್ತಾರೆ ಅಲ್ವಾ?

ರಾಣಿ ಹುಟ್ಟುವುದೂ ಕೆಲಸದ ಹುಳ ಹುಟ್ಟುವಂಥ ತತ್ತಿಯಿಂದಲೇ. ಮರಿ ಒಂದೆರಡು ದಿನದ್ದು ಇರುವಾಗ ಹುಳಗಳು ಅದನ್ನು ಆರಿಸಿಕೊಂಡು, ಕೊನೆತನಕ ರಾಯಲ್ ಜೆಲ್ಲಿ ಎಂಬ ತಮ್ಮ ಮೈಯ ರಸವನ್ನೇ ಉಣಿಸುತ್ತವೆ. ತತ್ತಿ ಇಟ್ಟ 16ನೇ ದಿನಕ್ಕೆ ರಾಣಿ ಹೊರಗೆ ಬರುತ್ತದೆ. ಹೀಗಾಗಿ ಗಟ್ಟಿ ಪೆಟ್ಟಿಗೆಯಿಂದ ತತ್ತಿ ಇದ್ದ ಒಂದು ಫ್ರೇಮ್ ತೆಗೆದೆ. ಅಲ್ಲಿಯ ರಾಣಿ ಅದರ ಮೇಲೆ ಕೂತಿಲ್ಲ ಅಂತ ಎರಡು ಸಲ ನೋಡಿ, ಹುಳ ಜಾಡಿಸಿ, ಇದಕ್ಕೆ ಇಟ್ಟೆ.

ಮೊದಲ ಸಲ ಕೆಟ್ಟಿತು. ತಪ್ಪು ನನ್ನದೇ ಜಾಸ್ತಿ. ಉಳಿದಿದ್ದೇ ಮುದಿ ಹುಳ, ಅದೂ ನಾಲ್ಕು ಹಿಡಿ. ಮರಿಗೆ ಸುಮಾರು 35 ಡಿಗ್ರಿ ಬಿಸಿ ಬೇಕು. ಅಷ್ಟು ಹುಳ ಎಷ್ಟಂತ ಕಾಯಿಸಬೇಕು, ಎಷ್ಟಂತ ಉಣಿಸಬೇಕು? ಒಂದೇ ರಾಣಿ ಗೂಡು ಕಟ್ಟಿದವು, ಅದೂ ಗಿಡ್ಡ. ನಾನೋ ದಿನಾ ಮುಚ್ಚಳ ತೆಗೆದು ನೋಡುತ್ತಿದ್ದೆ. ಹೇಗೋ ರಾಣಿ ಹೊರಬಂತು. ಅದು ಗಂಡು ಹುಳ ಕೂಡಲು ಹಾರಿ ಹೋಗುವ ದೀಪಾವಳಿ ವಾರದಲ್ಲೇ ಪಕ್ಕದ ಹೊಲದ ಕಾಕಾ ಕಾಯಿಕೊರಕ ಹುಳಕ್ಕೆಂದು ಹಗಲು ಹನ್ನೊಂದಕ್ಕೆ ಎಣ್ಣೆ (ಕೀಟನಾಶಕ) ಹೊಡೆದರು. ಗಟ್ಟಿ ಪೆಟ್ಟಿಗೆಯ ಮುಂದೆಯೇ ಹುಳ ಉದುರಿ ಬಿದ್ದಿದ್ದವು. ಹೋದ ರಾಣಿ ವಾಪಸ್ ಬರಲಿಲ್ಲ. ಎಣ್ಣೆಗೆ ಸಿಕ್ಕಿತೋ, ತಂತಿ ಮೇಲೆ ಕೂತಿದ್ದ ಕಳ್ಳಿಪೀರ ಹಕ್ಕಿಯ ಬಾಯಿಗೆ ಬಿತ್ತೋ.

ಎರಡನೇ ಸಲ ಮೊದಲು, ಗಟ್ಟಿ ಪೆಟ್ಟಿಗೆಯಿಂದ, ಮೇಣದಿಂದ ಕೋಣೆ ಮುಚ್ಚಿದ ಬಲಿತ ಮರಿ ಇದ್ದ ಫ್ರೇಮ್ ಕೊಟ್ಟೆ. ಹತ್ತು ಹನ್ನೆರಡು ದಿನದಲ್ಲಿ ಹೊಸ ಹುಳ ಹೊರಬಂದವು. ಮರಿಗೆ ಉಣಿಸುವ ರಸ ಬರುವುದು ಇಂಥ ಎಳೆ ಹುಳಕ್ಕೇ. ಆಮೇಲೆ ತತ್ತಿಯ ಫ್ರೇಮ್. ಖಾಲಿ ಫ್ರೇಮ್ ತೆಗೆದು ಹಲಗೆ ಅಡ್ಡ ಇಟ್ಟೆ, ಮೇಲೆ ಗೋಣಿಚೀಲ ಹೊದಿಸಿದೆ, ಬಾಗಿಲು ಬೆರಳು ಹೋಗುವಷ್ಟೇ ಬಿಟ್ಟೆ. ತಿನ್ನಲು ಸಮ ಸಕ್ಕರೆ, ಸಮ ನೀರಿನ ಪಾಕ, ಸಂಜೆ ಮಾತ್ರ. ಹಗಲು ಇಟ್ಟರೆ ಗಟ್ಟಿ ಪೆಟ್ಟಿಗೆಯ ಹುಳ ಬಂದು ಲೂಟಿ ಮಾಡುತ್ತವೆ. ಐದನೇ ದಿನ ಒಂದು ಸಲ ನೋಡಿದೆ. ಶೇಂಗಾಕಾಯಿಯಂತೆ ಮೂರು ರಾಣಿ ಗೂಡು ಜೋತು ಬಿದ್ದಿದ್ದವು. ಮತ್ತೆ ಮುಟ್ಟಲಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೋದಾಗ ತೆಗೆದರೆ, ಕೋಣೆಗೆ ಒಂದೊಂದೇ ತತ್ತಿ, ಹೊಸ ರಾಣಿ ಇಟ್ಟದ್ದು! ಹೋಳಿಗೆಯ ಗಂಟು ಬಿಚ್ಚುವುದೂ ಮರೆತುಹೋಯಿತು.

ತಡ ಮಾಡಿದರೆ ಮಾತ್ರ ಕಷ್ಟ. ರಾಣಿಯೂ ಮರಿಯೂ ಇಲ್ಲದೆ ಮೂರು ನಾಲ್ಕು ವಾರ ಕಳೆದರೆ ಕೆಲಸದ ಹುಳಗಳೇ ಒಂದೊಂದು ಕೋಣೆಗೆ ಎರಡು ಮೂರು ತತ್ತಿ ಇಡುತ್ತವೆ. ಅವೆಲ್ಲ ಬರೀ ಗಂಡು.

ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಗುರುತು) ಬಂತು, ಹೆಮ್ಮೆ. ಆ ತೊಗರಿ ಹೂವಾಡುವ ಕಾಲದಲ್ಲೇ, ಹೊಲದಲ್ಲೇ, ಪೆಟ್ಟಿಗೆ ತೆರೆದು ರಾಣಿ ಎಬ್ಬಿಸುವುದನ್ನು ಕಲಿಸಿ ಎಂದು ಸಂಬಂಧಪಟ್ಟವರನ್ನು ಕೇಳುತ್ತೇನೆ. ಬ್ಯಾಸಗಿಯಲ್ಲಿ ಎಸಿ ಹಾಲಿನಲ್ಲಿ ಬೇಡ. ಆಗ ಹೊರಗೆ 42 ಡಿಗ್ರಿ, ಹೂವೂ ಇಲ್ಲ, ಗಂಡು ಹುಳವೂ ಸಿಗುವುದಿಲ್ಲ.

ರೈತ ಬಂಧುಗಳಲ್ಲಿ ಒಂದು ವಿನಂತಿ. ಎಣ್ಣೆ ಹೊಡೆಯುವುದಿದ್ದರೆ ಹುಳ ಗೂಡು ಸೇರಿದ ಮೇಲೆ, ಸಂಜೆ ಹೊಡೆಯಿರಿ. ಹಿಂದಿನ ದಿನವೇ ಹೇಳಿ. ನಮ್ಮ ಕಾಕಾ ಈಗ ಫೋನ್ ಮಾಡುತ್ತಾರೆ. "ನಾಳೆ ಸಂಜಿಗಿ ಹೊಡೀತೀನಿ, ನಿನ್ನ ರಾಣಿಗಿ ಹೇಳವ್ವ" ಅಂತ.

— ಒಬ್ಬ ರೈತ ಮಹಿಳೆ, ಚಿತ್ತಾಪುರ ತಾಲೂಕು, ಕಲಬುರಗಿ ಜಿಲ್ಲೆ