ರಘುಗೆ, ದಾಯ್ಮೆಯ ಹಾಡು ಕೇಳುತ್ತಾ

ಪ್ರಿಯ ರಘು,

ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ಹಾಡಿನ ವಿಷಯ ಬಂದ ಕೂಡಲೇ ನೀನು ಮೇಜಿನ ಮೇಲೆ ತಾಳ ಹಾಕಲು ಶುರು ಮಾಡುತ್ತೀಯ, ನನ್ನ ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಪತ್ರ. ಬೇರೆಯವರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ಭದ್ರಾವತಿ ವಿಷಯ ಎತ್ತುವುದಿಲ್ಲ, ಹೆದರಬೇಡ.

ಈಚೆಗೆ ಜಾಸ್ತಿ ಕೇಳುತ್ತಿರುವುದು ದಾಯ್ಮೆ ಅರೋಸೆನಾ ಅನ್ನುವ ಗಾಯಕಿಯ ಹಾಡುಗಳನ್ನು. 1992ರಲ್ಲಿ ಕ್ಯೂಬಾದ ಹವಾನಾದಲ್ಲಿ ಹುಟ್ಟಿದವಳು. ಬಿಳಿ ಬಟ್ಟೆ ಹಾಕಿಕೊಂಡು, ಬರಿಗಾಲಲ್ಲಿ ವೇದಿಕೆಗೆ ಬರುತ್ತಿದ್ದವಳು. ತುಂಬು ದನಿ. ಜಾಝ್ ಗಾಯಕಿಯರ ಹಾಗೆ ಸ್ವರದ ಜೊತೆ ಆಡುತ್ತಾಳೆ, ಸೋಲ್ ಸಂಗೀತ ಹಾಡುವವರ ಹಾಗೆ ಎದೆಯಾಳದಿಂದ ಎತ್ತುತ್ತಾಳೆ. ಅದರ ಅಡಿಯಲ್ಲಿ ಇರುವುದು ಸಾಂತೆರಿಯಾದ, ಅಂದರೆ ಆಫ್ರಿಕಾ ಮೂಲದ ಕ್ಯೂಬನ್ನರ ಧರ್ಮದ, ದೇವರ ಹಾಡು. ಅವಳು ಆ ನಂಬಿಕೆಯಲ್ಲೇ ಬದುಕುವವಳು.

ಅವಳ 2017ರ ಆಲ್ಬಮ್ ‘ಕ್ಯೂಬಾಫೋನಿಯಾ’ ಹಾಕಿ ನೋಡು. ಮೊದಲ ಹಾಡೇ ‘ಎಲೆಗ್ಗುವಾ’. ದಾರಿ ತೆರೆಯುವ ದೇವರು ಅವನು. ನಮ್ಮಲ್ಲಿ ಗಣಪತಿಗೆ ಇದ್ದ ಹಾಗೆ ಅಲ್ಲಿ ಮೊದಲ ಪಾಲು ಅವನಿಗೆ. ಪೂಜೆಯಲ್ಲಿ ಹೇಗೋ ಆಲ್ಬಮ್‌ನಲ್ಲೂ ಹಾಗೇ. 2019ರ ‘ಸೋನೋಕಾರ್ಡಿಯೋಗ್ರಾಮ್‌’ನಲ್ಲಂತೂ ಓಯಾ, ಓಚೂನ್, ಯೆಮಾಯಾ ಮೂವರು ದೇವತೆಯರಿಗೂ ಒಂದೊಂದು ಹಾಡು.

ನಿನಗೆ ಹಿಡಿಸುವುದು ಈ ಪೂಜೆಯ ಚರ್ಮವಾದ್ಯ ಬಾಟಾ. ಮೂರು ವಾದ್ಯಗಳ ಗುಂಪು. ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಎರಡೂ ಕಡೆ ಬಾರಿಸುತ್ತಾರೆ. ಎಲ್ಲಕ್ಕಿಂತ ದೊಡ್ಡದು ಇಯಾ, ತಾಯಿ. ಅದಕ್ಕೆ ಗೆಜ್ಜೆ ಬೇರೆ ಕಟ್ಟಿರುತ್ತಾರೆ. ಪುಟ್ಟದು ಒಕೊಂಕೊಲೊ, ಒಂದೇ ನಡೆಯನ್ನು ಬಿಡದೆ ಹಿಡಿದಿರುತ್ತದೆ. ನಡುವಿನ ಇತೋತೆಲೆ ತಾಯಿಗೆ ಉತ್ತರ ಕೊಡುತ್ತದೆ. ಇಯಾ ಅಂತೂ ಮಾತಾಡುತ್ತದೆ ಕಣೋ, ಪಶ್ಚಿಮ ಆಫ್ರಿಕಾದ ಯೊರುಬಾ ಮಾತಿನ ಏರಿಳಿತವನ್ನೇ ಹಿಡಿದು.

ಇದನ್ನೆಲ್ಲ ಉಳಿಸಿದವರು ಆಫ್ರಿಕಾದಿಂದ ಕಬ್ಬಿನ ತೋಟಗಳಿಗೆ ಮಾರಾಟವಾದ ಜನ. ಕ್ಯೂಬಾದಲ್ಲಿ ಗುಲಾಮಗಿರಿ ಕೊನೆಯಾದದ್ದು 1886ರಲ್ಲಿ. ತಮ್ಮ ದೇವರುಗಳನ್ನು ಚರ್ಚಿನ ಸಂತರ ಮರೆಯಲ್ಲಿಟ್ಟು ಕಾಪಾಡಿಕೊಂಡರು. ಹವಾನಾ ಬಂದರಿನ ಆಚೆ ದಡದಲ್ಲಿ ರೆಗ್ಲಾ ಇದೆ. ಅಲ್ಲಿಯ ಚರ್ಚಿನ ಮೇರಿಯಮ್ಮ ಕಪ್ಪು, ಕೈಯಲ್ಲಿರುವ ಮಗು ಬಿಳಿ. ಸೆಪ್ಟೆಂಬರ್ 7ಕ್ಕೆ ಹಬ್ಬ. ಒಂದೇ ಮೂರ್ತಿಯ ಮುಂದೆ ನಿಂತು ಒಬ್ಬರು ಮೇರಿಯನ್ನು ಕರೆಯುತ್ತಾರೆ, ಪಕ್ಕದವರು ಕಡಲ ತಾಯಿ ಯೆಮಾಯಾಳನ್ನು.

ನಾನು ದೇವರನ್ನು ನಂಬುವವನಲ್ಲ, ನಿನಗೆ ಗೊತ್ತಲ್ಲ. ಆದರೂ ದಾಯ್ಮೆ ಯೆಮಾಯಾಳನ್ನು ಕೂಗುವಾಗ ಒಳಗೆ ಏನೋ ಆಗುತ್ತದೆ. ಒಳ್ಳೆ ಸಂಗೀತ ಕೇಳಿದರೆ ಆಗುವುದೇ ಅಲ್ವಾ ಅಂದುಕೊಂಡಿದ್ದೆ. ಈಗ ಅನ್ನಿಸುತ್ತಿದೆ, ಅದು ಹೊಟ್ಟೆಕಿಚ್ಚು. ಅವಳಿಗೆ ಕೂಗಲು ಒಂದು ಹೆಸರಿದೆ.

ಅಮ್ಮ ಐಸಿಯುನಲ್ಲಿದ್ದ ರಾತ್ರಿ ನೀನು ಇಡ್ಲಿ ತಂದಿದ್ದೆಯಲ್ಲ. ನೀನು ಕೆಳಗೆ ಹೋದ ಮೇಲೆ ಒಬ್ಬ ಅಜ್ಜಿ ಬಂದು ಪಕ್ಕದಲ್ಲಿ ಕೂತರು. ಸೆರಗಿನ ತುದಿಯಲ್ಲಿ ಕುಂಕುಮದ ಪೊಟ್ಟಣ ಗಂಟು ಹಾಕಿಕೊಂಡಿದ್ದರು. ಅದನ್ನೇ ಹಿಡಿದುಕೊಂಡು ‘ಯಲ್ಲವ್ವ, ಯಲ್ಲವ್ವ’ ಅನ್ನುತ್ತಿದ್ದರು. ಜೋರಾಗಿ ಅಲ್ಲ, ಪಕ್ಕದವರ ಜೊತೆ ಮಾತಾಡುವಷ್ಟೇ ದನಿ. ನಾನೂ ಬಾಯಿ ತೆರೆದೆ. ಯಾವ ಹೆಸರೂ ಬರಲಿಲ್ಲ. ಅಮ್ಮ ಹೋದ ದುಃಖ ಒಂದು ಕಡೆಯಾದರೆ, ಅದೇ ಇನ್ನೊಂದು ಕಡೆ. ಅದನ್ನು ಯಾರಿಗೂ ಹೇಳಿರಲಿಲ್ಲ. ನಿನಗೂ.

ಈ ಹಾಡುಗಳಿಂದ ನಂಬಿಕೆ ಬಂತಾ ಅಂತ ಕೇಳುತ್ತೀಯ. ಇಲ್ಲ. ಅವಳ ಜನ ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನು ನಾನು ಸುಮ್ನೆ ನನ್ನದು ಅನ್ನಲಾಗುವುದಿಲ್ಲ. ಆದರೆ ಅವಳು ಕೂಗಿದಾಗ ಹಿಮ್ಮೇಳ ಉತ್ತರ ಕೊಡುತ್ತದಲ್ಲ, ಅದರಲ್ಲಿ ದನಿ ಸೇರಿಸುತ್ತೇನೆ. ಅಡುಗೆಮನೆಯಲ್ಲಿ, ಪದ ಗೊತ್ತಿಲ್ಲದೆ, ಗಂಟಲು ಬಿಟ್ಟು. ಆಮೇಲೆ ಸ್ವಲ್ಪ ಹೊತ್ತು ಹಗುರವಾಗಿರುತ್ತೇನೆ.

ಸರಿ, ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಓದಿದ ಮೇಲೆ ಫೋನ್ ಮಾಡಿ ಸಮಾಧಾನ ಹೇಳಬೇಡ, ಒಂದು ಕೆಲಸ ಮಾಡು. 2015ರ ‘ನುಯೇವಾ ಎರಾ’ದಿಂದ ಶುರು ಮಾಡು, ಅದು ಅವಳ ಮೊದಲ ಆಲ್ಬಮ್. 2024ರ ‘ಅಲ್ಕೆಮಿ’ ಕೊನೆಗೆ ಕೇಳು. ಕ್ಯೂಬಾ ಬಿಟ್ಟ ಮೇಲೆ ಪೋರ್ಟೊ ರಿಕೊದಲ್ಲಿ ಮಾಡಿದ್ದು, ಸೋಲ್ ಮತ್ತು ಪಾಪ್ ಜಾಸ್ತಿ. ‘ಎಲೆಗ್ಗುವಾ’ಗೆ ನಿನ್ನ ಮೃದಂಗದ ಕಿವಿ ಬೇಕು. ಮೂರರ ನಡೆಯಾ, ನಾಲ್ಕರದಾ ಅಂತ ಕೇಳಿ ಹೇಳು.

ಭಾನುವಾರ ಬರುತ್ತೇನೆ. ಅತ್ತಿಗೆಗೆ ಹೇಳು, ಅಕ್ಕಿರೊಟ್ಟಿ ಸಾಕು. ಆ ಗೊಜ್ಜು ಬೇಡ.

ನಿನ್ನ,
ಶ್ರೀಧರ