ಗೆಳೆಯನಿಗೊಂದು ಪತ್ರ: ಕುಗ್ಗದ ಪರ್ಸು, ಕುಗ್ಗಿದ ಪರ್ಸು

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೋ ನೋಡಿದೆ. ಮೂರು ಸಲ ಬಿಸಿನೀರಲ್ಲಿ ಒಗೆದರೂ ನೀನು ಹೆಣೆದ ಉಣ್ಣೆಯ ಪರ್ಸು ಒಂದು ಬೆರಳಿನಷ್ಟೂ ಕುಗ್ಗಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯ. ತಪ್ಪು ನಿನ್ನ ಕೈದಲ್ಲ ಕಣೋ. ಫೋಟೋದ ಮೂಲೆಯಲ್ಲಿ ಉಲ್ಲನ್ ಉಂಡೆಯ ಲೇಬಲ್ ಕಾಣುತ್ತಿತ್ತು, ದೊಡ್ಡದು ಮಾಡಿ ಓದಿದೆ. ‘ಸೂಪರ್‌ವಾಶ್’ ಅಂತ ಇದೆ. ಆ ನೂಲನ್ನು ನೀನು ಎಷ್ಟು ಉಜ್ಜಿದರೂ ಅದು ಫೆಲ್ಟ್ ಆಗುವುದಿಲ್ಲ, ಅಂದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಕುಗ್ಗಿ, ದಪ್ಪ ಬಟ್ಟೆಯಾಗುವುದಿಲ್ಲ. ಆಗಬಾರದು ಅಂತಲೇ ಅದನ್ನು ಹಾಗೆ ತಯಾರಿಸಿರುತ್ತಾರೆ.

ಉಣ್ಣೆಯ ಒಂದೊಂದು ಎಳೆಯ ಮೈಮೇಲೂ ಸಣ್ಣ ಸಣ್ಣ ಹುರುಪೆಗಳಿರುತ್ತವೆ. ಮಾಡಿಗೆ ಹಂಚು ಹೊದಿಸಿದ ಹಾಗೆ, ಒಂದರ ಮೇಲೊಂದು, ಎಲ್ಲ ಒಂದೇ ದಿಕ್ಕಿಗೆ. ಬರಿಗಣ್ಣಿಗೆ ಕಾಣುವುದಿಲ್ಲ. ಬಿಸಿನೀರು, ಸೋಪು ಸೇರಿದಾಗ ಆ ಹುರುಪೆಗಳ ಅಂಚು ಮೇಲೇಳುತ್ತದೆ. ಆಗ ಉಜ್ಜಿದರೆ ಎಳೆ ಒಂದು ಕಡೆಗೆ ಸಲೀಸಾಗಿ ಜಾರುತ್ತದೆ, ವಾಪಸ್ ಬರುವಾಗ ಪಕ್ಕದ ಎಳೆಗೆ ಸಿಕ್ಕಿಕೊಳ್ಳುತ್ತದೆ. ಮುಂದೆ ಹೋಗಿದ್ದು ಹಿಂದೆ ಬರಲಾರದು. ಬಾಚದೆ ಬಿಟ್ಟ ಕೂದಲು ಸಿಕ್ಕುಗಟ್ಟುತ್ತದಲ್ವಾ, ಹಾಗೆ. ಬಟ್ಟೆ ಕುಗ್ಗಿ, ದಪ್ಪವಾಗಿ, ಕೊನೆಗೆ ಹೆಣಿಗೆಯ ಕುಣಿಕೆಗಳೇ ಮಾಯವಾಗುತ್ತವೆ. ಸೂಪರ್‌ವಾಶ್ ನೂಲಿನಲ್ಲಿ ಆ ಹುರುಪೆಗಳನ್ನು ಕ್ಲೋರಿನ್‌ನಿಂದ ಸವೆಸಿ, ಮೇಲೆ ತೆಳ್ಳನೆಯ ರಾಳದಂಥ ಲೇಪ ಕೊಟ್ಟಿರುತ್ತಾರೆ. ಸ್ವೆಟರಿಗೆ ಅದು ತುಂಬ ಒಳ್ಳೆಯದು. ನಮ್ಮ ಕೆಲಸಕ್ಕೆ ಬರುವುದಿಲ್ಲ. ಅಕ್ರಿಲಿಕ್, ಹತ್ತಿಯ ನೂಲೂ ಅಷ್ಟೇ, ಅವಕ್ಕೆ ಹುರುಪೆಯೇ ಇಲ್ಲ.

ಹಾಗಾಗಿ ಮುಂದಿನ ಸಲ ನೂಲು ತಂದ ಕೂಡಲೇ ಒಂದು ಕೆಲಸ ಮಾಡು. ಒಂದು ಗೇಣು ನೂಲು ಕತ್ತರಿಸು. ಅದರ ಎರಡು ತುದಿಗಳನ್ನು ಬಿಡಿಸಿ ಒಂದರ ಮೇಲೊಂದು ಇಟ್ಟು, ಸ್ವಲ್ಪ ನೀರು ತಾಗಿಸಿ, ಎರಡು ಅಂಗೈ ನಡುವೆ ಜೋರಾಗಿ ಉಜ್ಜು. ಅಂಗೈ ಬಿಸಿಯಾಗಬೇಕು. ಅರ್ಧ ನಿಮಿಷದಲ್ಲಿ ತುದಿಗಳು ಕೂಡಿಕೊಂಡು ಒಂದೇ ನೂಲಾದರೆ ಅದು ಫೆಲ್ಟ್ ಆಗುವ ಉಣ್ಣೆ. ಗಂಟು ಹಾಕದೆ ನೂಲು ಸೇರಿಸುವುದಕ್ಕೂ ನಾನು ಇದನ್ನೇ ಮಾಡುತ್ತೇನೆ. ಇನ್ನೊಂದು ವಿಷಯ, ಹಾಲುಬಿಳಿ ಬಣ್ಣ ಸದ್ಯಕ್ಕೆ ಬೇಡ. ಬ್ಲೀಚ್ ಮಾಡಿದ ಉಣ್ಣೆ ಎಷ್ಟೋ ಸಲ ಸರಿಯಾಗಿ ಫೆಲ್ಟ್ ಆಗುವುದಿಲ್ಲ.

ನನ್ನ ಪರ್ಸಿನ ಲೆಕ್ಕ ಕೇಳಿದ್ದೀಯ. ಆ ನೂಲಿಗೆ ಸಾಮಾನ್ಯವಾಗಿ 5 ಮಿಲಿಮೀಟರ್ ದಪ್ಪದ ಹೆಣಿಗೆ ಕಡ್ಡಿ ಸಾಕು, ನಾನು 6.5ರ ಕಡ್ಡಿ ತಗೊಂಡೆ. ಹೆಣಿಗೆ ಸಡಿಲ ಇರಬೇಕು, ಗೆಳೆಯಾ. ಇದೊಂದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಎಳೆಗಳಿಗೆ ಓಡಾಡಲು ಜಾಗ ಇದ್ದರೆ ತಾನೇ ಒಂದನ್ನೊಂದು ಹಿಡಿದುಕೊಳ್ಳುವುದು? 36 ಕುಣಿಕೆ ಹಾಕಿ 90 ಸಾಲು ಹೆಣೆದೆ, ಒಂದೇ ಸಮನೆ, ಯಾವ ಡಿಸೈನೂ ಇಲ್ಲದೆ. ಅಗಲ 26 ಸೆಂಟಿಮೀಟರ್, ಉದ್ದ 50. ಎತ್ತಿ ಹಿಡಿದರೆ ಜೋಲು ಜೋಲಾಗಿ, ಆಚೆಗಿನ ಬೆಳಕು ಕಾಣುವ ಹಾಗಿತ್ತು. ಆ ಹೊತ್ತಿಗೆ ಅದು ಹಾಗೇ ಇರಬೇಕು. ಮಡಿಸಿ, ಎರಡು ಬದಿಗಳನ್ನು ಅದೇ ಉಣ್ಣೆಯಿಂದ ಹೊಲಿದೆ, ಫೆಲ್ಟ್ ಆದಮೇಲೆ ಹೊಲಿಗೆಯೂ ಬಟ್ಟೆಯೊಳಗೆ ಸೇರಿ ಹೋಗಲಿ ಅಂತ. ಬಾಯಿಯ ಅಂಚಿಗೆ ಮಾತ್ರ ಹತ್ತಿ ದಾರದಿಂದ ದೊಡ್ಡ ದೊಡ್ಡ ಹೊಲಿಗೆ ಹಾಕಿದೆ. ಇಲ್ಲದಿದ್ದರೆ ನೀರಿನಲ್ಲಿ ಬಾಯಿ ಅಗಲವಾಗಿಬಿಡುತ್ತದೆ. ಹತ್ತಿ ಉಣ್ಣೆಗೆ ಅಂಟುವುದಿಲ್ಲ, ಆಮೇಲೆ ಸುಮ್ನೆ ಎಳೆದರೆ ಬಂತು.

ಫೆಲ್ಟಿಂಗನ್ನು ನಾನು ಬಕೆಟ್ಟಿನಲ್ಲೇ ಮಾಡುತ್ತೇನೆ. ಒಮ್ಮೆ ಮೆಷಿನ್ನಿಗೆ ಹಾಕಿ ಬೇರೆ ಕೆಲಸಕ್ಕೆ ಹೋಗಿದ್ದೆ. ತೆಗೆದಾಗ ಒಂದು ವಾರದ ಹೆಣಿಗೆ ಅಂಗೈಯಷ್ಟಾಗಿ, ಹಲಗೆಯ ಹಾಗೆ ಬಿರುಸಾಗಿತ್ತು. ತುಂಬ ಹೊತ್ತು ಅದನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಹೆಣಿಗೆಯಲ್ಲಿ ತಪ್ಪಾದರೆ ಬಿಚ್ಚಿ ಮತ್ತೆ ಹೆಣೆಯಬಹುದು. ಇದನ್ನು ಬಿಚ್ಚಲು ಆಗುವುದೇ ಇಲ್ಲ. ಆವತ್ತಿನಿಂದ ನೀರಿಗೆ ಹಾಕಿದ ಮೇಲೆ ನಾನು ಅದರ ಪಕ್ಕದಿಂದ ಏಳುವುದಿಲ್ಲ. ನೀನು ಮೆಷಿನ್ನಿನಲ್ಲೇ ಮಾಡುವುದಾದರೆ ದಿಂಬಿನ ಕವರಿನೊಳಗೆ ಹಾಕಿ ಬಾಯಿ ಕಟ್ಟು, ಉದುರುವ ಉಣ್ಣೆ ಪೈಪಿಗೆ ಹೋಗಿ ಕಟ್ಟಿಕೊಳ್ಳದಿರಲಿ. ಜೊತೆಗೆ ಒಂದು ಹಳೆಯ ಜೀನ್ಸ್ ಇದ್ದರೆ ಉಜ್ಜಾಟ ಚೆನ್ನಾಗಿ ಆಗುತ್ತದೆ. ಐದೈದು ನಿಮಿಷಕ್ಕೆ ನಿಲ್ಲಿಸಿ ನೋಡು. ಹಿಂಡುವ ಸುತ್ತು ಮಾತ್ರ ಬೇಡ, ಆಗ ಬಿದ್ದ ಮಡಿಕೆ ಆಮೇಲೆ ಹೋಗುವುದಿಲ್ಲ.

ಬಕೆಟ್ಟಿನಲ್ಲಿ ಹೇಗಿರುತ್ತದೆ ಹೇಳುತ್ತೇನೆ. ರಬ್ಬರ್ ಗ್ಲೌಸ್ ಹಾಕಿಕೊಂಡು, ಬಿಸಿನೀರಿಗೆ ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಹಾಕಿ, ಪರ್ಸು ಮುಳುಗಿಸಿ, ಉಜ್ಜಲು ಶುರು ಮಾಡುತ್ತೇನೆ. ಮೊದಲು ಅದು ಕುಗ್ಗುವುದಿಲ್ಲ, ಇನ್ನೂ ದೊಡ್ಡದಾಗುತ್ತದೆ! ನೀರು ಕುಡಿದು, ಹಿಗ್ಗಿ, ಕೈಯಿಂದ ಜಾರಿ ಹೋಗುತ್ತದೆ. ಒದ್ದೆ ಉಣ್ಣೆಯ ವಾಸನೆ ಕೋಣೆಯೆಲ್ಲ ತುಂಬುತ್ತದೆ. ಎಲ್ಲ ಕೆಟ್ಟಿತು ಅಂತ ಅನ್ನಿಸುವುದು ಇಲ್ಲೇ. ನಿಲ್ಲಿಸಬೇಡ. ನನಗೆ ಸುಮಾರು ಇಪ್ಪತ್ತು ನಿಮಿಷ ಆದಮೇಲೆ ಬೆರಳಿಗೆ ವ್ಯತ್ಯಾಸ ಗೊತ್ತಾಯಿತು. ಜಾರುತ್ತಿದ್ದ ಬಟ್ಟೆ ಬೆರಳನ್ನು ಹಿಡಿದುಕೊಳ್ಳತೊಡಗಿತು. ಮೇಲೆ ನವಿರು ಎದ್ದಿತು. ಕುಣಿಕೆಗಳ ಸಾಲು ಮಸುಕಾಯಿತು. ಆಗಾಗ ಒಳಗೆ ಕೈ ಹಾಕಿ ಎರಡು ಪದರಗಳನ್ನು ಬೇರೆ ಮಾಡುತ್ತಿದ್ದೆ, ಇಲ್ಲದಿದ್ದರೆ ಒಳಗಿನ ಮೈ ಒಂದಕ್ಕೊಂದು ಕೂಡಿಕೊಂಡು ಪರ್ಸಿಗೆ ಹೊಟ್ಟೆಯೇ ಇರುವುದಿಲ್ಲ. ನೀರು ತಣ್ಣಗಾದಾಗ ಬದಲಿಸಿದೆ. ನಲವತ್ತು ನಿಮಿಷಕ್ಕೆ ಅಗಲ 20, ಬಿಡಿಸಿ ಅಳೆದರೆ ಉದ್ದ 32. ನೋಡು, ಅಗಲಕ್ಕಿಂತ ಉದ್ದ ಜಾಸ್ತಿ ಕುಗ್ಗುತ್ತದೆ. ಹೆಣೆಯುವಾಗ ಪರ್ಸು ಬೇಕಾದ್ದಕ್ಕಿಂತ ತುಂಬ ಉದ್ದ ಕಾಣಬೇಕಾದ್ದು ಇದಕ್ಕೇ.

ಆಮೇಲಿನದು ಸುಲಭ. ಸೋಪು ಹೋಗುವ ತನಕ ತೊಳೆದು, ಟವೆಲಿನಲ್ಲಿ ಸುತ್ತಿ ಒತ್ತಿದೆ. ಪ್ಲಾಸ್ಟಿಕ್ ಸುತ್ತಿದ ಒಂದು ಪುಸ್ತಕವನ್ನು ಒಳಗೆ ತುರುಕಿ, ಮೂಲೆಗಳನ್ನು ಎಳೆದು ಕೂರಿಸಿ, ಎರಡು ದಿನ ನೆರಳಲ್ಲಿ ಬಿಟ್ಟೆ. ಒದ್ದೆ ಇರುವಾಗ ಯಾವ ಆಕಾರ ಕೊಡುತ್ತೀಯೋ ಒಣಗಿದ ಮೇಲೆ ಅದೇ.

ಅಂದ ಹಾಗೆ, ಫೆಲ್ಟ್ ತುಂಬ ಹಳೆಯ ವಿದ್ಯೆ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಾಜಿರಿಕ್ ಎಂಬಲ್ಲಿ ಹಿಮಗಟ್ಟಿದ ಸಮಾಧಿಗಳೊಳಗೆ ಫೆಲ್ಟಿನ ಹಂಸಗಳು ಸಿಕ್ಕಿವೆ. 2,000 ವರ್ಷಕ್ಕೂ ಹಳೆಯವು. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿವೆ. ಅವನ್ನು ಹೆಣೆದು ಮಾಡಿದ್ದಲ್ಲ, ಬಿಡಿ ಉಣ್ಣೆಯನ್ನೇ ಒತ್ತಿ ಮಾಡಿದ್ದು. ಆದರೆ ಎಳೆಗಳು ಒಂದನ್ನೊಂದು ಹಿಡಿದುಕೊಂಡ ಬಗೆ ಅದೇ. ಒಮ್ಮೆ ಅದರ ಫೋಟೋ ಹುಡುಕಿ ನೋಡು.

ಕೊನೆಗೆ ಗುಂಡಿಗೆ ಸೀಳು ಬೇಕಿತ್ತು. ಹೆಣೆದ ಬಟ್ಟೆಗೆ ಕತ್ತರಿ ಹಾಕುವುದೆಂದರೆ ಎದೆ ಡವಗುಟ್ಟುತ್ತದೆ, ಒಂದು ಕುಣಿಕೆ ಬಿಟ್ಟರೆ ಸಾಲಿಡೀ ಜಾರುತ್ತದೆ. ಉಸಿರು ಹಿಡಿದು ಕತ್ತರಿಸಿದೆ. ಒಂದು ಎಳೆಯೂ ಜಾರಲಿಲ್ಲ. ಅಂಚು ದಪ್ಪ ಕಾಗದ ಕತ್ತರಿಸಿದಷ್ಟು ನೇರ ನಿಂತಿತ್ತು.

ನಿನ್ನ ಆ ಪರ್ಸನ್ನು ಎಸೆಯಬೇಡ, ಒಳಗೊಂದು ಬಟ್ಟೆ ಹೊಲಿದರೆ ಹಾಗೇ ಬಳಸಬಹುದು. ಹೊಸ ನೂಲು ತಂದಾಗ 20 ಕುಣಿಕೆಯ ಒಂದು ಚೌಕ ಹೆಣೆದು ಮೊದಲು ಅದನ್ನು ಬಿಸಿನೀರಿಗೆ ಹಾಕು. ಮುಂಚಿನ ಅಳತೆ, ಆಮೇಲಿನ ಅಳತೆ ಎರಡನ್ನೂ ಬರೆದು ಕಳಿಸು. ಎಷ್ಟು ಕುಣಿಕೆ ಹಾಕಬೇಕು ಅಂತ ಇಬ್ಬರೂ ಕೂತು ಲೆಕ್ಕ ಹಾಕೋಣ.

ಇಂತಿ ನಿನ್ನ
ಹೆಣಿಗೆಯ ಜೊತೆಗಾತಿ